ಸೈಗಾನ್‌ನಿಂದ ನೋಮ್ ಪೆನ್‌ಗೆ: ನೀರಿನ ಮೇಲೆ ಹೋಗಿ, ಗಾಳಿಯಲ್ಲಿ ಬಂದದ್ದು

ವಿಯೆಟ್ನಾಂನ ಹೋ ಚಿ ಮಿನ್ ಸಿಟಿಯಿಂದ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ವಿಮಾನದ ದಾರಿ ಸುಮಾರು 200 ಕಿಲೋಮೀಟರ್. ಬೆಂಗಳೂರಿಂದ ಚಿಕ್ಕಮಗಳೂರಿಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಎಷ್ಟಾಗುತ್ತೋ ಅಷ್ಟೇ. ಟಿಕೆಟ್‌ನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಅಂತ ಇರುತ್ತದೆ, ಗಾಳಿಯಲ್ಲಿರುವ ಹೊತ್ತು ಅದಕ್ಕಿಂತ ಕಮ್ಮಿ. ಬವೆಟ್ ಗಡಿ ದಾಟಿ ಹೋಗುವ ಬಸ್ಸಿಗೆ ಆರೇಳು ಗಂಟೆ ಬೇಕು. ಎರಡೂ ಊರಿಗೆ ಗಡಿಯಾರ ಒಂದೇ, ನಮಗಿಂತ ಒಂದೂವರೆ ಗಂಟೆ ಮುಂದೆ.

ಇವೆರಡರ ಜೊತೆ ಮೂರನೇ ದಾರಿ ಒಂದಿದೆ. ಮೆಕಾಂಗ್ ನದಿ ನೋಮ್ ಪೆನ್‌ನಲ್ಲಿ ಎರಡಾಗಿ ಒಡೆದು, ದಕ್ಷಿಣಕ್ಕೆ ಇಳಿದು, ವಿಯೆಟ್ನಾಂನಲ್ಲಿ ಹತ್ತಾರು ಕವಲಾಗಿ ಸಮುದ್ರ ಸೇರುತ್ತದೆ. ಆ ಕವಲುಗಳ ಪಕ್ಕದಲ್ಲೇ ಮೇಲಕ್ಕೆ ಹೋಗಬಹುದು. ನನಗೆ ಈ ದಾರಿ ಹತ್ತಿಸಿದ್ದು ಚಿಕ್ಕಪ್ಪ. ಅವರು ನೀರಾವರಿ ಇಲಾಖೆಯಲ್ಲಿದ್ದವರು, ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಮೇಲೇ ಅರ್ಧ ಆಯಸ್ಸು ಓಡಾಡಿದವರು. "ವಿಮಾನದಲ್ಲಿ ಬರುವಾಗ ಬರೋಣ. ಹೋಗುವಾಗ ನೀರು ನೋಡಿಕೊಂಡೇ ಹೋಗೋಣ ಮಗಾ" ಅಂದರು. ಹಾಗೇ ಮಾಡಿದೆವು. ಅಕ್ಟೋಬರ್ ಆರಿಸಿಕೊಂಡದ್ದೂ ಅವರೇ, ಆಗ ನದಿ ತುಂಬಿರುತ್ತದೆ ಅಂತ.

ಮೊದಲ ದಿನ: ಸೈಗಾನ್

ಊರಿನ ಸರಕಾರಿ ಹೆಸರು ಹೋ ಚಿ ಮಿನ್ ಸಿಟಿ, ಬಾಯಲ್ಲಿ ಇನ್ನೂ ಸೈಗಾನ್. ಬೆಳಿಗ್ಗೆ ಇಳಿದು, ಚೀಲ ಇಟ್ಟು, ಮೊದಲು ಹುಡುಕಿದ್ದು ಕಾಫಿ. ಗಾಜಿನ ಲೋಟದ ಮೇಲೆ ಪುಟ್ಟ ಅಲ್ಯೂಮಿನಿಯಂ ಫಿಲ್ಟರ್ ಕೂರಿಸಿ ತರುತ್ತಾರೆ. ತಳದಲ್ಲಿ ಬೆರಳು ದಪ್ಪ ಕಂಡೆನ್ಸ್‌ಡ್ ಮಿಲ್ಕ್. ಡಿಕಾಕ್ಷನ್ ಹನಿ ಹನಿಯಾಗಿ ಇಳಿಯುವವರೆಗೆ ಕಾಯಬೇಕು, ಆಮೇಲೆ ಕಲಸಿ ಐಸ್ ಮೇಲೆ ಸುರಿಯಬೇಕು. ರೋಬಸ್ಟಾ ಬೆಳೆಯುವುದರಲ್ಲಿ ಇಡೀ ಜಗತ್ತಿಗೆ ವಿಯೆಟ್ನಾಂ ಮೊದಲು. ಆ ಕಡಕ್ ರುಚಿಗೆ ನಿದ್ದೆಗೆಟ್ಟ ಕಣ್ಣು ಪೂರ್ತಿ ತೆರೆಯಿತು.

ಬೆನ್ ತಾನ್ ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದ ಒಂದು ಬೀದಿಯಲ್ಲಿ ಮಾರಿಯಮ್ಮನ ಗುಡಿ ಇದೆ. ಫ್ರೆಂಚರ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ತಮಿಳರು ಕಟ್ಟಿಕೊಂಡದ್ದು. ಆಗ ಚೆಟ್ಟಿಯಾರರು ಮೆಕಾಂಗ್ ಮುಖಜ ಭೂಮಿಯ ಭತ್ತದ ರೈತರಿಗೆ ಸಾಲ ಕೊಡುತ್ತಿದ್ದರು. ಈಗ ಒಳಗೆ ಕಾಣುವವರು ಬಹುಪಾಲು ವಿಯೆಟ್ನಾಂ ಜನ. ಊದುಬತ್ತಿಯನ್ನು ಕಟ್ಟುಗಟ್ಟಲೆ ಹಚ್ಚುತ್ತಾರೆ. ಹಿಂಬದಿಯ ಗೋಡೆಗೆ ಹಣೆ ಒತ್ತಿ ಬೇಡಿಕೊಳ್ಳುತ್ತಾರೆ. ಹದಿಹರೆಯದ ಹುಡುಗಿಯೊಬ್ಬಳು ಕಲ್ಲಿಗೆ ಹಣೆ ಇಟ್ಟವಳು ಐದು ನಿಮಿಷ ಅಲ್ಲಾಡಲಿಲ್ಲ. "ಪರೀಕ್ಷೆ ಇರಬೇಕು ಪಾಪ" ಅಂದರು ಚಿಕ್ಕಪ್ಪ.

ನಾವಿಬ್ಬರೂ ಮಾಂಸ ತಿನ್ನುವುದಿಲ್ಲ. ಅದೇನೂ ಕಷ್ಟವಾಗಲಿಲ್ಲ. 'ಚಾಯ್' ಎಂದು ಬೋರ್ಡ್ ಇದ್ದ ಕಡೆ ಪೂರಾ ಸಸ್ಯಾಹಾರ. ಅನ್ನ, ಹುರಿದ ತೋಫು, ಸೊಪ್ಪಿನ ಸಾರು, ಉಪ್ಪಿನಕಾಯಿಯಂತೆ ಹುಳಿ ಬರಿಸಿದ ತರಕಾರಿ. ಮೀನಿನ ಸಾಸ್ ಇಲ್ಲದ ಊಟ ಬೇಕಿದ್ದರೆ ಈ ಬೋರ್ಡನ್ನೇ ನಂಬಬೇಕು. ಬೇರೆ ಹೋಟೆಲ್‌ಗಳಲ್ಲಿ 'ಮಾಂಸ ಬೇಡ' ಅಂದರೆ ಮೀನಿನ ಸಾಸ್ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಎರಡನೇ ದಿನ: ಕನ್ ಥೋ

ಮಿಯೆನ್ ತಾಯ್ ಬಸ್ ನಿಲ್ದಾಣದಿಂದ ಕನ್ ಥೋಗೆ ಸುಮಾರು 170 ಕಿಲೋಮೀಟರ್. ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ, ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಬಸ್ಸಿನ ತುಂಬ ಎರಡು ಅಂತಸ್ತಿನಲ್ಲಿ ಒರಗಿ ಮಲಗುವ ಸೀಟು. ನಾಲ್ಕು ಗಂಟೆಯ ದಾರಿಗೆ ಮಲಗುವ ಬಸ್ಸು ಯಾಕೆ ಅಂತ ಆಶ್ಚರ್ಯವಾಯಿತು. ಆದರೆ ಅಲ್ಲಿಯವರಿಗೆ ಇದೇ ರೂಢಿ.

ಸೈಗಾನ್‌ನ ಗದ್ದಲ ಮುಗಿಯುತ್ತಿದ್ದ ಹಾಗೆ ನೆಲ ಚಪ್ಪಟೆಯಾಯಿತು. ಎತ್ತ ನೋಡಿದರೂ ಗುಡ್ಡವಿಲ್ಲ. ಗದ್ದೆ, ತೆಂಗು, ಬಾಳೆ, ಪ್ರತಿ ಮನೆಯ ಹಿಂದೆ ಒಂದು ಕಾಲುವೆ, ಕಾಲುವೆಯಲ್ಲಿ ಒಂದು ದೋಣಿ. ಹಳೇ ಹೆದ್ದಾರಿಯ ಬದಿಯಲ್ಲಿ ತೂಗುಮಂಚದ ಕಾಫಿ ಅಂಗಡಿಗಳಿವೆ. ತಗಡಿನ ಚಪ್ಪರದ ಕೆಳಗೆ ಸಾಲಾಗಿ ಬಲೆಯ ತೂಗುಮಂಚ ಕಟ್ಟಿರುತ್ತಾರೆ. ಸ್ಕೂಟರ್‌ನವರು, ಲಾರಿಯವರು ಒಂದು ಕಾಫಿ ಹೇಳಿ ಅದರಲ್ಲೇ ಅರ್ಧ ಗಂಟೆ ಮಲಗಿ ಎದ್ದು ಹೋಗುತ್ತಾರೆ. ನಮ್ಮ ಹೆದ್ದಾರಿಗಳಿಗೂ ಇದು ಬರಬೇಕು ಅಂತ ನನಗೆ ಬಲವಾಗಿ ಅನಿಸಿತು.

ದಾರಿಯಲ್ಲಿ ಎರಡು ದೊಡ್ಡ ಸೇತುವೆ ಸಿಗುತ್ತವೆ. ತಿಯೆನ್ ನದಿಯ ಮೇಲೆ ಮಿ ಥುವಾನ್, ಹೌ ನದಿಯ ಮೇಲೆ ಕನ್ ಥೋ. ತಿಯೆನ್ ಅಂದರೂ ಹೌ ಅಂದರೂ ಮೆಕಾಂಗ್‌ನ ಎರಡು ಕೈಗಳೇ. ಮಿ ಥುವಾನ್ ಸೇತುವೆ 2000ದಲ್ಲಿ ಆಸ್ಟ್ರೇಲಿಯಾದ ನೆರವಿನಿಂದ ಆಯಿತು, ಕನ್ ಥೋ ಸೇತುವೆ 2010ರಲ್ಲಿ ಜಪಾನಿನ ನೆರವಿನಿಂದ. ಅದಕ್ಕೆ ಮುಂಚೆ ಬಸ್ಸು, ಲಾರಿ, ಆಂಬುಲೆನ್ಸ್ ಎಲ್ಲ ಎರಡು ಕಡೆಯೂ ಫೆರಿಗೆ ಕಾಯಬೇಕಿತ್ತು. ಕನ್ ಥೋ ಸೇತುವೆ ಕಟ್ಟುವಾಗ 2007ರಲ್ಲಿ ಒಂದು ಭಾಗ ಕುಸಿದು ಐವತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಚಿಕ್ಕಪ್ಪನಿಗೆ ಅದು ಗೊತ್ತಿತ್ತು. ಸೇತುವೆ ಮುಗಿಯುವವರೆಗೆ ಮಾತಾಡಲಿಲ್ಲ.

ಅವತ್ತು ಹುಣ್ಣಿಮೆ. ವಿಯೆಟ್ನಾಂನಲ್ಲಿ ಚಾಂದ್ರಮಾನದ ಮೊದಲ ದಿನ ಮತ್ತು ಹುಣ್ಣಿಮೆಯಂದು ಬಹಳ ಜನ ಮಾಂಸ ಬಿಡುತ್ತಾರೆ. ಹಾಗಾಗಿ ಚಾಯ್ ಹೋಟೆಲ್ ತುಂಬಿ ತುಳುಕುತ್ತಿತ್ತು. ನಮಗೆ ಸಿಕ್ಕಿದ್ದು ಬಾಗಿಲ ಪಕ್ಕದ ಮೇಜು. ನೂಡಲ್ಸ್ ಸಾರು ಅರ್ಧ ಕುಡಿದಿದ್ದೆವು. ರಸ್ತೆ ಬದಿಯ ಚರಂಡಿಯ ಕಬ್ಬಿಣದ ಜಾಲರಿಯಿಂದ ನೀರು ಗುಳುಗುಳು ಅಂತ ಮೇಲೆ ಬರತೊಡಗಿತು. ಮಳೆ ಇಲ್ಲ, ಮೋಡವೂ ಇಲ್ಲ. ನೋಡುನೋಡುತ್ತಾ ಮೊದಲು ಅಂಚಿನ ಕಲ್ಲು ಮುಳುಗಿತು, ಆಮೇಲೆ ನಿಲ್ಲಿಸಿದ್ದ ಸ್ಕೂಟರ್‌ಗಳ ಚಕ್ರದ ತಳ. ಹೋಟೆಲಿನ ಹೆಂಗಸು ಗಾಬರಿ ಬೀಳಲಿಲ್ಲ. ಬಾಗಿಲಿನ ಎರಡು ಬದಿಯ ಸೀಳಿಗೆ ಒಂದು ಹಲಗೆ ಇಳಿಸಿದರು, ಸಂದಿಗೆ ಬಟ್ಟೆ ತುರುಕಿದರು, ಮತ್ತೆ ಸಾರು ಬಡಿಸಲು ಹೋದರು. ಫೋನಿನ ಅನುವಾದದಲ್ಲಿ ನಮಗೆ ಹೇಳಿದ್ದು: "ಸಮುದ್ರದ ನೀರು ತಳ್ಳುತ್ತಿದೆ. ಸ್ವಲ್ಪ ಹೊತ್ತು ಕೂತಿರಿ, ತಾನೇ ಹೋಗುತ್ತದೆ."

ಕರಾವಳಿಯಿಂದ ಇಷ್ಟು ಒಳಗಿದ್ದರೂ ಕನ್ ಥೋಗೆ ಉಬ್ಬರ ಇಳಿತ ಮುಟ್ಟುತ್ತದೆ. ಮೇಲಿನಿಂದ ನೆರೆ ನೀರು, ಕೆಳಗಿನಿಂದ ಹುಣ್ಣಿಮೆಯ ಉಬ್ಬರ. ಎರಡೂ ಸೇರಿದಾಗ ಹೀಗಾಗುತ್ತದೆ. ನೆಲ ವರ್ಷ ವರ್ಷ ತಗ್ಗುತ್ತಿರುವುದೂ ಒಂದು ಕಾರಣ, ಅಂತರ್ಜಲ ಜಾಸ್ತಿ ಎಳೆಯುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಗುವವರು ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ. ನಾವು ಪ್ಯಾಂಟ್ ಮಡಚಿ, ಬೂಟು ಕೈಯಲ್ಲಿ ಹಿಡಿದು, ಬೀದಿದೀಪದ ಕೆಳಗೆ ನೀರು ತುಳಿಯುತ್ತಾ ರೂಮಿಗೆ ಬಂದೆವು.

ಮೂರನೇ ದಿನ: ತೇಲುವ ಸಂತೆ, ಆಮೇಲೆ ಚೌ ಡೊಕ್

ಕಾಯ್ ರಾಂಗ್ ಸಂತೆಗೆ ಬೆಳಗಿನ ಐದಕ್ಕೇ ಹೊರಡಬೇಕು. ಎಂಟು ಗಂಟೆಗೆ ಹೋದರೆ ಪ್ರವಾಸಿಗರ ದೋಣಿಗಳೇ ಕಾಣುತ್ತವೆ. ದೊಡ್ಡ ಮರದ ದೋಣಿಗಳ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ. ಪ್ರತಿ ದೋಣಿಯ ಮೇಲೂ ಒಂದು ಉದ್ದನೆ ಬಿದಿರ ಗಳು. ಏನು ಮಾರುತ್ತಾರೋ ಅದನ್ನೇ ಅದಕ್ಕೆ ಕಟ್ಟುತ್ತಾರೆ: ಒಂದು ಕುಂಬಳಕಾಯಿ, ಒಂದು ಅನಾನಸ್, ಎರಡು ಗೆಣಸು. ದೂರದಿಂದಲೇ ಗಳು ನೋಡಿ ಯಾವ ದೋಣಿಗೆ ಹೋಗಬೇಕು ಅಂತ ತಿಳಿಯುತ್ತದೆ. ನಮ್ಮ ಪಕ್ಕಕ್ಕೆ ಬಂದ ಅನಾನಸ್ ದೋಣಿಯ ಹುಡುಗ ಚಾಕುವಿನಿಂದ ಕಣ್ಣುಗಳನ್ನೆಲ್ಲ ಸುರುಳಿ ಸುರುಳಿಯಾಗಿ ಕೆತ್ತಿ, ತೊಟ್ಟು ಹಿಡಿದು ತಿನ್ನಲು ಕೊಟ್ಟ.

ಸಂತೆ ಸಣ್ಣದಾಗುತ್ತಿದೆ. ನಮ್ಮ ದೋಣಿ ನಡೆಸಿದ ಹೆಂಗಸು ಅದನ್ನು ಕೈಸನ್ನೆಯಲ್ಲೇ ಹೇಳಿದರು. ಮೊದಲು ಈ ದಡದಿಂದ ಆ ದಡಕ್ಕೆ, ಈಗ ಇಷ್ಟೇ. ರಸ್ತೆ, ಸೇತುವೆ ಆದಮೇಲೆ ಲಾರಿಯೇ ಹೊಲಕ್ಕೆ ಹೋಗುತ್ತದೆ. ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿದ ಮೇಲೆ ದೋಣಿಯಿಂದ ಸರಕು ಇಳಿಸುವುದೂ ಕಷ್ಟವಾಗಿದೆ. ಹಿಂದಿನ ದಿನ ನಾವು ಮೆಚ್ಚಿದ ಸೇತುವೆಗಳೇ ಈ ಸಂತೆಯನ್ನು ಕರಗಿಸುತ್ತಿವೆ. ಸೇತುವೆ ಬೇಡ ಅಂತ ಹೇಳಲು ಬಾಯಿ ಬರುವುದಿಲ್ಲ, ಅಲ್ವಾ? ಆದರೆ ಸಂತೆ ಹೋಗುತ್ತಿದೆ ಅಂದಾಗ ಸಂಕಟವಾಗುತ್ತದೆ.

ಮಧ್ಯಾಹ್ನ ಕಾಂಬೋಡಿಯಾ ಗಡಿಯ ಹತ್ತಿರದ ಚೌ ಡೊಕ್‌ಗೆ ಬಸ್, ಮೂರು ಗಂಟೆ ಚಿಲ್ಲರೆ. ಲಾಂಗ್ ಸುಯೆನ್ ದಾಟಿದ ಮೇಲೆ ಜೋರು ಮಳೆ. ಚೌ ಡೊಕ್ ಮಾರುಕಟ್ಟೆಯಲ್ಲಿ ಹುಳಿ ಬರಿಸಿದ ಮೀನಿನ ಬಟ್ಟಲುಗಳು ಗುಡ್ಡ ಗುಡ್ಡ, ಆ ವಾಸನೆಗೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಾಲ್ಕನೇ ದಿನ: ಬೆಟ್ಟ ಮತ್ತು ಕಾಲುವೆ

ಇಷ್ಟೂ ಚಪ್ಪಟೆ ನಾಡಿನಲ್ಲಿ ಚೌ ಡೊಕ್ ಪಕ್ಕ ಒಂದು ಬೆಟ್ಟವಿದೆ, ಸಾಮ್ ಬೆಟ್ಟ. ಬುಡದಲ್ಲಿ ಬಾ ಚುವಾ ಸು ಅನ್ನುವ ದೇವಿಯ ಗುಡಿ. ನಾಡಿನ ಒಡತಿ ಅಂತ ಜನ ನಂಬುತ್ತಾರೆ, ಹುರಿದ ಇಡೀ ಹಂದಿ ಒಪ್ಪಿಸುತ್ತಾರೆ, ಹೊಸ ರೇಷ್ಮೆ ನಿಲುವಂಗಿ ಹೊದಿಸುತ್ತಾರೆ. ಅವಳ ಜಾತ್ರೆಯನ್ನು 2024ರಲ್ಲಿ ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಈ ವಿಗ್ರಹ ಮೂಲದಲ್ಲಿ ಸಾವಿರ ವರ್ಷಕ್ಕೂ ಹಿಂದಿನ, ಓಕ್ ಈಯೊ ಅನ್ನುವ ಪುರಾತನ ಬಂದರಿನ ಕಾಲದ ಒಂದು ಗಂಡು ದೇವರ ಕಲ್ಲು ಇರಬೇಕು ಎಂದು ವಿದ್ವಾಂಸರು ಕೆಲವರು ಹೇಳುತ್ತಾರೆ. ಭಕ್ತರಿಗೆ ಅವಳು ತಾಯಿ. ನಾವೂ ಕೈ ಮುಗಿದೆವು.

ಬೆಟ್ಟದ ಮೇಲಿಂದ ನೋಡಿದರೆ ಕೆಳಗೆ ಎಲ್ಲ ನೀರೇ. ನೆರೆ ತಿಂಗಳಲ್ಲಿ ಗದ್ದೆ ಯಾವುದು, ನದಿ ಯಾವುದು ಹೇಳಲಾಗುವುದಿಲ್ಲ. ಅದರ ನಡುವೆ ಸ್ಕೇಲು ಇಟ್ಟು ಗೀಚಿದಂತೆ ನೇರವಾಗಿ ಒಂದು ಕಾಲುವೆ, ಕಾಂಬೋಡಿಯಾ ಗಡಿಯ ಗುಂಟ ಪಶ್ಚಿಮಕ್ಕೆ ಹೋಗುತ್ತದೆ. ಅದು ವಿನ್ ತೆ ಕಾಲುವೆ. 1819ರಿಂದ 1824ರವರೆಗೆ ಅಗೆದದ್ದು. ಚೌ ಡೊಕ್‌ನಿಂದ ಹಾ ತಿಯೆನ್ ಕಡಲ ತೀರದ ಕಡೆಗೆ ಸುಮಾರು 90 ಕಿಲೋಮೀಟರ್. ಯಂತ್ರ ಇಲ್ಲ, ಬರೀ ಕೈ, ಗುದ್ದಲಿ, ಬುಟ್ಟಿ. ವಿಯೆಟ್ನಾಮಿನವರು, ಖ್ಮೇರರು ಸಾವಿರ ಸಾವಿರ ಜನ ದುಡಿದರು, ಜ್ವರ ಬಂದು, ಹಸಿದು ಎಷ್ಟೋ ಜನ ಸತ್ತರು. ಕಾಲುವೆ ಮಾಡಿಸಿದ ಅಧಿಕಾರಿ ಥೋಯಿ ನೋಕ್ ಹೌ ಅವರ ಸಮಾಧಿ ಇದೇ ಬೆಟ್ಟದ ಬುಡದಲ್ಲಿದೆ.

ಚಿಕ್ಕಪ್ಪ ಕೈಪಿಡಿಗೋಡೆಗೆ ಒರಗಿ ಬಹಳ ಹೊತ್ತು ನೋಡಿದರು. "ಇಳಿಜಾರು ಎಷ್ಟು ಸಿಗುತ್ತೆ ಹೇಳು ಇಲ್ಲಿ? ಏನೂ ಇಲ್ಲ. ರಾತ್ರಿ ಪಂಜು ನೆಟ್ಟು ಸಾಲು ನೋಡ್ತಿದ್ದರಂತೆ, ಗೆರೆ ಹಿಂಗೆ ಹಿಡಿಯೋದು ಸಾಮಾನ್ಯ ಮಾತಲ್ಲ ಮಗಾ." ನಾಲೆಯ ಕೆಲಸ ಮಾಡಿದವರು ಮಾತ್ರ ಹಾಗೆ ನೋಡಲು ಸಾಧ್ಯ.

ಇಳಿಯುವ ದಾರಿಯಲ್ಲಿ ತಾಟಿನಿಂಗು ಸಿಕ್ಕಿತು! ಈ ಕಡೆ ಗದ್ದೆ ಬದುಗಳಲ್ಲೆಲ್ಲ ತಾಳೆಮರ. ಒಬ್ಬ ಅಜ್ಜಿ ಕಾಯಿ ಕೊಚ್ಚಿ, ಒಳಗಿನ ಮೂರು ಕಣ್ಣನ್ನು ಹೆಬ್ಬೆರಳಿನಿಂದ ಎಬ್ಬಿಸಿ, ತಾಳೆರಸದ ಐಸ್ ನೀರಿಗೆ ಹಾಕಿ ಕೊಟ್ಟರು. ನಾವು ಸಿಪ್ಪೆ ಸುಲಿದು ಹಾಗೇ ತಿನ್ನುತ್ತೇವೆ ಅಂತ ಚಿಕ್ಕಪ್ಪ ಅಭಿನಯಿಸಿ ತೋರಿಸಿದರು. ಅಜ್ಜಿ ಇನ್ನೊಂದು ಕಾಯಿ ಕೊಚ್ಚಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ತಾಳೆಬೆಲ್ಲದ ಹಳದಿ ಹಬೆರೊಟ್ಟಿಯೂ ಇಲ್ಲಿಯದೇ ವಿಶೇಷ, ತಪ್ಪಿಸಬೇಡಿ.

ಐದನೇ ದಿನ: ನದಿಯ ಮೇಲೆ ಗಡಿ

ಬೆಳಿಗ್ಗೆ ಏಳೂವರೆಗೆ ದೋಣಿ. ಮೇಲೆ ಚಾವಣಿ, ಒಳಗೆ ಮೂವತ್ತು ಚಿಲ್ಲರೆ ಸೀಟು, ಹಿಂದೆ ನಿಂತು ಗಾಳಿ ಕುಡಿಯಲು ಒಂದಿಷ್ಟು ಜಾಗ. ಹೌ ನದಿಯಿಂದ ಒಂದು ಅಡ್ಡ ಕವಲು ಹಿಡಿದು ತಿಯೆನ್‌ಗೆ, ಅಂದರೆ ಮುಖ್ಯ ಮೆಕಾಂಗ್‌ಗೆ ಬರುತ್ತದೆ. ಆ ಕವಲಲ್ಲಿ ತೇಲುವ ಮನೆಗಳು. ಮನೆಯ ನೆಲದಲ್ಲಿ ಒಂದು ಬಾಗಿಲು, ಕೆಳಗೆ ಬಲೆಯ ಪಂಜರದಲ್ಲಿ ಮೀನು. ಅಡುಗೆಮನೆಯಿಂದಲೇ ಮೇವು ಹಾಕುತ್ತಾರೆ. ಎದುರು ದಡದಲ್ಲಿ ಚಾಮ್ ಮುಸ್ಲಿಮರ ಹಳ್ಳಿ, ಮಸೀದಿಯ ಗುಮ್ಮಟ.

ಮುಖ್ಯ ನದಿಗೆ ಬರುವ ಮುಂಚೆ ದೋಣಿ ನಿಂತಿತು. ಅಂತರಗಂಗೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡಿತ್ತು. ದೋಣಿಯ ಹುಡುಗ ಹೊಟ್ಟೆ ಮೇಲೆ ಮಲಗಿ, ತೋಳು ಪೂರ್ತಿ ನೀರಿಗೆ ಇಳಿಬಿಟ್ಟು, ಕುಡುಗೋಲಿನಿಂದ ತಡಕಿ ತಡಕಿ ಕೊಯ್ದ. ನೇರಳೆ ಹೂವಿದ್ದ ಬಳ್ಳಿ ತುಂಡು ತುಂಡಾಗಿ ಮೇಲೆ ಬಂತು. ಅಷ್ಟರಲ್ಲಿ ದೋಣಿ ಹಿಂದಕ್ಕೆ ಹರಿದು ಒಂದು ಮೀನುಮನೆಯ ಕಂಬಕ್ಕೆ ತಾಗಿತು. ಮನೆಯವರು ಹೊರಗೆ ಬಂದು, ಬೈಯದೆ, ಕಾಲಿನಿಂದ ನಮ್ಮ ದೋಣಿಯನ್ನು ಆಚೆ ತಳ್ಳಿದರು. ಮತ್ತೆ ಹೊರಟ ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಸುತ್ತಿಕೊಂಡಿತು.

ಮುಖ್ಯ ಮೆಕಾಂಗ್ ಕಂಡಾಗ ಮಾತು ನಿಂತಿತು. ಕೆಂಪು ಕಂದು ನೀರು, ಆಚೆ ದಡ ತೆಳ್ಳಗೆ ಒಂದು ಹಸಿರು ಎಳೆ. ಮರಳು ತೆಗೆಯುವ ದೊಡ್ಡ ದೊಡ್ಡ ಬಾರ್ಜ್‌ಗಳು ಸಾಲಾಗಿ ನಿಂತಿದ್ದವು. ಚಿಕ್ಕಪ್ಪನ ಮುಖ ಗಂಟಾಯಿತು. ಮೇಲಿನ ಅಣೆಕಟ್ಟುಗಳಲ್ಲಿ ಹೂಳು ನಿಲ್ಲುತ್ತದೆ, ಬರುವ ಮರಳನ್ನು ಇಲ್ಲಿ ಎತ್ತುತ್ತಾರೆ, ದಡ ಕುಸಿದು ಮನೆಗಳು ನದಿಗೆ ಬೀಳುತ್ತವೆ. ಕಾವೇರಿ ಬಯಲಲ್ಲಿ ಮರಳು ಲಾರಿಗಳ ಕಾಟ ಕಣ್ಣಾರೆ ಕಂಡವರು ಅವರು. "ಮರಳು ಅಂದ್ರೆ ನದಿಯ ಮೂಳೆ ಕಣೋ" ಅಂದರು. ನನಗೆ ಅದು ಪೂರ್ತಿ ನಿಜ ಅನಿಸಿತು.

ವಿನ್ ಸುವಾಂಗ್‌ನಲ್ಲಿ ವಿಯೆಟ್ನಾಂನಿಂದ ಹೊರಹೋಗುವ ಮೊಹರು, ಮತ್ತೆ ದೋಣಿ, ಕಾಮ್ ಸಾಮ್‌ನೋರ್‌ನಲ್ಲಿ ಕಾಂಬೋಡಿಯಾದ ಮೊಹರು. ವೀಸಾ ಅಲ್ಲೇ ಕೊಡುತ್ತಾರೆ, 30 ಡಾಲರ್ ಮತ್ತು ಒಂದು ಫೋಟೊ. ದೋಣಿಯವರೇ ಪಾಸ್‌ಪೋರ್ಟ್ ಒಯ್ದು ಮಾಡಿಸಿಕೊಡುತ್ತಾರೆ, ಅದಕ್ಕೆ ಸ್ವಲ್ಪ ಮೇಲುಹಣ. ವಾಪಸ್ ವಿಯೆಟ್ನಾಂಗೇ ಬರುವವರು ಇ-ವೀಸಾವನ್ನು ಹಲವು ಸಲ ಪ್ರವೇಶಿಸುವಂಥದ್ದೇ ಮಾಡಿಸಿ. ಒಂದು ಸಲದ್ದಾದರೆ ಗಡಿ ದಾಟಿದ ಕೂಡಲೇ ಮುಗಿಯಿತು.

ಗಡಿಯಾಚೆ ದಡ ಬದಲಾಯಿತು. ಗೋಡೆ ಇಲ್ಲ, ಕಾರ್ಖಾನೆ ಕಮ್ಮಿ. ಕಂಬದ ಮೇಲಿನ ಮನೆ, ನೀರಿಗಿಳಿದ ಬಿಳಿ ದನ, ಕೈ ಬೀಸುವ ಮಕ್ಕಳು, ಬುದ್ಧವಿಹಾರದ ಚಿನ್ನದ ಬಣ್ಣದ ಚೂಪು ಚಾವಣಿ. ನೀಕ್ ಲುವಂಗ್‌ನಲ್ಲಿ ತಂತಿಗಳಿಂದ ತೂಗುವ ಎತ್ತರದ ಸೇತುವೆಯ ಕೆಳಗೆ ಹಾದೆವು. 2015ರವರೆಗೆ ಇಲ್ಲೂ ಫೆರಿಯೇ. ಸೈಗಾನ್‌ನಿಂದ ಬರುವ ಬಸ್ಸು ಈಗ ಈ ಸೇತುವೆ ಮೇಲೆ ಒಂದೆರಡು ನಿಮಿಷದಲ್ಲಿ ದಾಟುತ್ತದೆ.

ನೋಮ್ ಪೆನ್ ಮುಟ್ಟಿದಾಗ ಒಂದೂವರೆ. ಪ್ರವಾಹಕ್ಕೆ ಎದುರಾಗಿ ಬಂದದ್ದರಿಂದ ತಡ, ಅಲ್ಲಿಂದ ಇಳಿದು ಬರುವವರಿಗೆ ಇಷ್ಟು ಹೊತ್ತು ಬೇಕಾಗದು. ಟುಕ್‌ಟುಕ್‌ನವನಿಗೆ ಕೊಟ್ಟ ಐದು ಡಾಲರ್ ನೋಟಿನ ಮೂಲೆಯಲ್ಲಿ ಉಗುರಿನಷ್ಟು ಹರಿದಿತ್ತು. ತಲೆ ಅಲ್ಲಾಡಿಸಿ ಹಿಂದಿರುಗಿಸಿದ. ಆಮೇಲೆ ಎಲ್ಲೂ ಅದು ನಡೆಯಲಿಲ್ಲ. ಊರಿಂದ ಹೊರಡುವಾಗಲೇ ಗರಿಗರಿ ನೋಟು ಕೇಳಿ ಪಡೆಯಿರಿ. ಚಿಲ್ಲರೆಯನ್ನು ರಿಯಲ್‌ನಲ್ಲಿ ಕೊಡುತ್ತಾರೆ, ಡಾಲರ್‌ಗೆ 4,000ದ ಲೆಕ್ಕ.

ಆರನೇ ದಿನ: ನೋಮ್ ಪೆನ್

ಅರಮನೆಯ ಎದುರಿನ ದಡದಲ್ಲಿ ನಿಂತರೆ ನಾಲ್ಕು ನೀರು ಕೂಡುವುದು ಕಾಣುತ್ತದೆ. ಮೇಲಿಂದ ಬರುವ ಮೆಕಾಂಗ್, ಕೆಳಗೆ ಹೋಗುವ ಮೆಕಾಂಗ್, ನಾವು ಹೌ ಅಂತ ಪರಿಚಯ ಮಾಡಿಕೊಂಡಿದ್ದ ಬಸಾಕ್, ಮತ್ತು ಟೊನ್ಲೆ ಸಾಪ್. ಈ ಟೊನ್ಲೆ ಸಾಪ್ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಬ್ಬಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಮೇಲಿನ ಮಹಾಸರೋವರಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ 2,500 ಚದರ ಕಿಲೋಮೀಟರ್ ಇರುವ ಸರೋವರ ಐದಾರು ಪಟ್ಟು ಹಿಗ್ಗುತ್ತದೆ. ಮಳೆ ನಿಂತ ಮೇಲೆ ನೀರು ವಾಪಸ್. ನವೆಂಬರ್ ಸುಮಾರಿಗೆ ಬರುವ ನೀರಹಬ್ಬದಲ್ಲಿ ಇಲ್ಲೇ ದೋಣಿ ಪಂದ್ಯ ನಡೆಯುತ್ತದೆ. ಚಿಕ್ಕಪ್ಪ ತೇಲುವ ಎಲೆಗಳನ್ನು ನೋಡುತ್ತಲೇ ನಿಂತರು. ಅವತ್ತು ಅವು ಅಲ್ಲಾಡುತ್ತಿರಲಿಲ್ಲ ಅನ್ನುವಷ್ಟು ನಿಧಾನ.

ಮಧ್ಯಾಹ್ನ ರಾಷ್ಟ್ರೀಯ ಮ್ಯೂಸಿಯಂ. 1920ರಲ್ಲಿ ತೆರೆದ ಕೆಂಪು ಕಟ್ಟಡ. ನೋಮ್ ಡಾ ಬೆಟ್ಟದಲ್ಲಿ ಸಿಕ್ಕ ಎಂಟು ಕೈಯ ವಿಷ್ಣು ಇಲ್ಲಿದ್ದಾನೆ, ಆರನೇ ಶತಮಾನದವನು. ಅದೇ ಬೆಟ್ಟದ ಗೋವರ್ಧನಧಾರಿ ಕೃಷ್ಣನೂ ಇದ್ದಾನೆ. ನಮ್ಮ ಹಳೇಬೀಡಿನ ಗೋವರ್ಧನದಲ್ಲಿ ಬೆಟ್ಟದ ತುಂಬ ಗಿಡ, ಪ್ರಾಣಿ, ಕೆಳಗೆ ದನ, ಗೋಪರು, ಒಂದು ಬೆರಳು ಜಾಗ ಖಾಲಿ ಇಲ್ಲ. ಇಲ್ಲಿ ಒಬ್ಬನೇ ಹುಡುಗ. ಎಡಗೈ ಮೇಲೆತ್ತಿ, ಸೊಂಟ ಸ್ವಲ್ಪ ವಾಲಿಸಿ, ಭಾರವೇ ಇಲ್ಲ ಅನ್ನುವ ಹಾಗೆ ನಿಂತಿದ್ದಾನೆ. ಹಳೇಬೀಡನ್ನು ಎಷ್ಟು ಪ್ರೀತಿಸಿದರೂ, ನನಗೆ ಈ ಹುಡುಗ ಹೆಚ್ಚು ಹಿಡಿಸಿದ.

ನೋಮ್ ಡಾ ಪಕ್ಕದ ಅಂಕೋರ್ ಬೋರೈ ಹಳೆಯ ಫುನಾನ್ ನಾಡಿನ ದೊಡ್ಡ ಪಟ್ಟಣ. ಅದರ ಬಂದರು ಓಕ್ ಈಯೊ, ಈಗ ವಿಯೆಟ್ನಾಂನಲ್ಲಿದೆ. ಅಲ್ಲಿ ರೋಮನ್ನರ ನಾಣ್ಯ ಸಿಕ್ಕಿವೆ, ಭಾರತದ ಲಿಪಿಯ ಮುದ್ರೆಗಳೂ ಸಿಕ್ಕಿವೆ. ಎರಡರ ನಡುವೆ ಸುಮಾರು 70 ಕಿಲೋಮೀಟರ್ ಪುರಾತನ ಕಾಲುವೆ ಇತ್ತು. ಗದ್ದೆಯಲ್ಲಿ ನಿಂತವರಿಗೆ ಅದು ಕಾಣುತ್ತಿರಲಿಲ್ಲ. 1930ರ ದಶಕದಲ್ಲಿ ಪಿಯೆರ್ ಪಾರಿ ಎಂಬ ಫ್ರೆಂಚರು ವಿಮಾನದಿಂದ ಚಿತ್ರ ತೆಗೆದಾಗ ಹೂತುಹೋದ ಗೆರೆಗಳು ಎದ್ದು ಕಂಡವು. ಇದನ್ನು ಚಿಕ್ಕಪ್ಪನಿಗೆ ಹೇಳಿದ್ದೇ ತಡ, "ಹಂಗಾದ್ರೆ ನಾಳೆ ಕಿಟಕಿ ಸೀಟು ನಂದು" ಅಂದರು.

ಸಂಜೆ ತುವೊಲ್ ಸ್ಲೆಂಗ್‌ಗೆ ಹೋದೆವು. ಶಾಲೆಯಾಗಿದ್ದ ಕಟ್ಟಡವನ್ನು ಖ್ಮೇರ್ ರೂಜ್, ಅಂದರೆ 1970ರ ದಶಕದಲ್ಲಿ ಕಾಂಬೋಡಿಯಾವನ್ನು ಆಳಿದ ಕ್ರೂರ ಕಮ್ಯುನಿಸ್ಟ್ ಪಡೆ, ಸೆರೆಮನೆ ಮಾಡಿತ್ತು. ಗೋಡೆ ತುಂಬ ಸತ್ತವರ ಫೋಟೊಗಳಿವೆ. ಅಲ್ಲಿಂದ ಬಂದ ಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಕೊನೆಯ ದಿನ: 200 ಕಿಲೋಮೀಟರ್ ಆಕಾಶ

ತೇಚೊ ವಿಮಾನ ನಿಲ್ದಾಣ 2025ರ ಸೆಪ್ಟೆಂಬರ್‌ನಲ್ಲಷ್ಟೇ ತೆರೆದದ್ದು. ಹಳೆಯದು ಊರ ಅಂಚಿನಲ್ಲೇ ಇತ್ತು, ಇದು ದಕ್ಷಿಣಕ್ಕೆ ದೂರ. ಊರಿಂದ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ನಾವು ಎಂಟಕ್ಕೆ ಹೋಟೆಲ್ ಬಿಟ್ಟು, ಹನ್ನೊಂದೂವರೆ ಹೊತ್ತಿಗೆ ಮೇಲೇರಿದೆವು.

ಚಿಕ್ಕಪ್ಪ ಕಿಟಕಿಗೆ ಹಣೆ ಒತ್ತಿಯೇ ಕೂತಿದ್ದರು. ಮೆಕಾಂಗ್ ಕಂಡಿತು, ಅದರ ಮೇಲೆ ಕಡ್ಡಿಯಷ್ಟು ಸಣ್ಣಗೆ ನೀಕ್ ಲುವಂಗ್ ಸೇತುವೆ. ಆಮೇಲೆ ಪ್ರೇ ವೆಂಗ್‌ನ ಬಯಲು, ಪೂರ್ತಿ ನೀರು, ಅದರಲ್ಲಿ ಮೋಡದ ನೆರಳು. ಗಗನಸಖಿ ಕೊಟ್ಟ ನೀರಿನ ಬಾಟಲಿ ಮುಗಿಯುವ ಮುಂಚೆ ಇಳಿಯುವ ಘೋಷಣೆ ಬಂತು. "ಬಂದೇ ಬಿಡ್ತಾ?" ಅಂದರು. ನೀರಿನ ದಾರಿಯಲ್ಲಿ ನೋಡುತ್ತಾ ನೋಡುತ್ತಾ ಏರಿದ್ದನ್ನೆಲ್ಲ ಮುಕ್ಕಾಲು ಗಂಟೆಯಲ್ಲಿ ದಾಟಿದ್ದೆವು.

ಸಾಲು, ಸಾಮಾನು, ಟ್ಯಾಕ್ಸಿ ಎಲ್ಲ ಮುಗಿದು ಸೈಗಾನ್‌ನ ರೂಮಿಗೆ ಬಂದಾಗ ಎರಡು ಗಂಟೆ. ಬಾಗಿಲಿಂದ ಬಾಗಿಲಿಗೆ ಆರು ಗಂಟೆ ಆಯಿತು. ಬೆಳಿಗ್ಗೆ ಎಂಟರ ಬಸ್ಸು ಹತ್ತಿದ್ದರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತಿದ್ದೆವು, ದುಡ್ಡೂ ಎಷ್ಟೋ ಕಮ್ಮಿ. ಸಮಯ ಉಳಿಯುತ್ತದೆ ಅಂತ ಮಾತ್ರ ವಿಮಾನ ಹಿಡಿಯುವವರು ಈ ಲೆಕ್ಕ ಹಾಕಿ ನೋಡಿ. ನೆರೆ ತುಂಬಿದ ಬಯಲನ್ನು ಮೇಲಿಂದ ನೋಡಬೇಕು ಅಂದರೆ ಅಕ್ಟೋಬರ್‌ನಲ್ಲಿ, ಹಗಲು ಹೊತ್ತಿನ ವಿಮಾನವನ್ನೇ ಹಿಡಿಯಿರಿ.

ಅವತ್ತು ರಾತ್ರಿಯೇ ಬೆಂಗಳೂರಿಗೆ ಹೊರಟೆವು. ಚಿಕ್ಕಪ್ಪ ಈಗ ಲಾಂಗ್ ಸುಯೆನ್‌ನಲ್ಲಿ ಉಳಿದು ಓಕ್ ಈಯೊ ನೋಡುವ ದಾರಿ ವಿಚಾರಿಸುತ್ತಿದ್ದಾರೆ. ನಾವು ಮಳೆಯಲ್ಲಿ ಬಸ್ಸಿನಿಂದ ಇಳಿಯದೆ ಹಾದುಹೋದ ಊರಿಂದ ಅದು ಹತ್ತಿರವಂತೆ.